ಗಜಲಕ್ಷ್ಮಿ ಚಿತ್ರ: ಕೈಯಲ್ಲಿ ಬರೆದದ್ದೋ, ಡಿಜಿಟಲ್ಲೋ?

ಪ್ರಶ್ನೆ: ಗೃಹಪ್ರವೇಶಕ್ಕೆ ಮೈಸೂರು ಶೈಲಿಯ ಗಜಲಕ್ಷ್ಮಿ ಚಿತ್ರ ತರಬೇಕು ಅಂತಿದ್ದೇವೆ. ಕಲಾವಿದರೊಬ್ಬರು ಹೇಳಿದ ಬೆಲೆ ಕೇಳಿ ನಮ್ಮ ಯಜಮಾನರು ಹೌಹಾರಿದರು. ಅಂಗಡಿಯಲ್ಲಿ ಅದೇ ಥರದ ಡಿಜಿಟಲ್ ಚಿತ್ರ, ಕ್ಯಾನ್ವಾಸ್ ಮೇಲಿನದು, ತುಂಬಾ ಕಡಿಮೆಗೆ ಸಿಗುತ್ತಿದೆ. ನೋಡೋಕೆ ಎರಡೂ ಒಂದೇ. ಸುಮ್ನೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?
– ಓದುಗರು, ದಾವಣಗೆರೆ

ಉತ್ತರ: ಮೊಬೈಲಿನಲ್ಲಿ ಫೋಟೊ ನೋಡಿದರೆ ಎರಡೂ ಒಂದೇ, ನಿಜ. ಗೋಡೆಗೆ ಹಾಕಿದಾಗ ಹಾಗಿರುವುದಿಲ್ಲ.

ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಮಂಟಪದ ಕಂಬ ಇರುವ ಕಡೆ ಮೊದಲು ಗೆಸ್ಸೋ ಎಳೆಯುತ್ತಾರೆ. ಅದು ಬಿಳಿ ಪುಡಿಗೆ ಗೋಂದು ಕಲಸಿದ ಲೇಪ. ಒಣಗಿದ ಮೇಲೆ ಉಬ್ಬು ಗೆರೆಯಾಗಿ ನಿಲ್ಲುತ್ತದೆ. ಅದರ ಮೇಲೆ ಚಿನ್ನದ ರೇಕು, ಅಂದರೆ ತೀರಾ ತೆಳು ಹಾಳೆ. ತಂಜಾವೂರಿನ ಚಿತ್ರದಷ್ಟು ದಪ್ಪ ಉಬ್ಬು ನಮ್ಮದರಲ್ಲಿ ಇರುವುದಿಲ್ಲ, ಗೆರೆ ತೀರಾ ನವಿರು. ಸಂಜೆ ದೀಪ ಹಚ್ಚಿ, ಚಿತ್ರದ ಮುಂದೆ ಈ ಕಡೆಯಿಂದ ಆ ಕಡೆ ನಡೆದು ನೋಡಿ. ಹೊಳಪು ಓಲೆಯಿಂದ ಸರಕ್ಕೆ, ಸರದಿಂದ ಡಾಬಿಗೆ ಜಾರುತ್ತದೆ. ಪ್ರಿಂಟಿನಲ್ಲಿ ಚಿನ್ನ ಅಂದರೆ ಹಳದಿ, ಕಂದು ಶಾಯಿಯ ಚುಕ್ಕಿಗಳು. ಎಲ್ಲಿ ನಿಂತು ನೋಡಿದರೂ ಅಷ್ಟೇ.

ಹಾಗಂತ ಡಿಜಿಟಲ್ ಅಂದರೆ ಕೀಳು ಅಂತಲ್ಲ. ಟ್ಯಾಬ್ಲೆಟ್ ಮೇಲೆ ಬರೆಯುವ ಪೆನ್ನು, ಅಂದರೆ ಸ್ಟೈಲಸ್, ಹಿಡಿಯುವವರಿಗೂ ಕೈ ಪಳಗಿರಬೇಕು. ಮುಖದ ಅಳತೆ ಗೊತ್ತಿಲ್ಲದವರು ಬರೆದದ್ದನ್ನು ಅಳಿಸುವ ಅನ್‌ಡೂ ಎಷ್ಟು ಸಲ ಒತ್ತಿದರೂ ಮುಖ ಸರಿಯಾಗುವುದಿಲ್ಲ. 2021ರಲ್ಲಿ ಬೀಪಲ್ ಎಂಬ ಕಲಾವಿದರ ಡಿಜಿಟಲ್ ಕೃತಿ ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರಿಗೆ ಹೋಯಿತು. (ಕಲೆಗಿಂತ ಕ್ರಿಪ್ಟೊ ಎಂಬ ಡಿಜಿಟಲ್ ಹಣದ ಹುಚ್ಚಿಗೆ ಬಂದ ಬೆಲೆ ಅದು ಅಂತ ನನಗನ್ನಿಸುತ್ತದೆ.) ಆದರೆ ನಿಮಗೆ ಅಂಗಡಿಯಲ್ಲಿ ತೋರಿಸಿದ್ದು ಬಹುಶಃ ಡಿಜಿಟಲ್ ಕಲೆಯೂ ಅಲ್ಲ. ಯಾರೋ ಕೈಯಲ್ಲಿ ಬರೆದ ಚಿತ್ರದ ಫೋಟೊ ತೆಗೆದು ಪ್ರಿಂಟ್ ಹಾಕಿರುತ್ತಾರೆ. ಬರೆದವರು ಯಾರು ಅಂತ ಒಮ್ಮೆ ಕೇಳಿ ನೋಡಿ. ಹೆಸರು ಬರದಿದ್ದರೆ ಅದು ಬರೀ ಪೋಸ್ಟರ್. ಪೋಸ್ಟರಿನ ಬೆಲೆಗೆ ಕೊಂಡರೆ ತಪ್ಪೇನಿಲ್ಲ.

ಪ್ರಿಂಟ್ ಮೇಲೆ ಅಲ್ಲಲ್ಲಿ ಚಿನ್ನದ ಬಣ್ಣ ಬಳಿದು ‘ಕೈಕೆಲಸ’ ಅಂತ ಮಾರುವವರೂ ಇದ್ದಾರೆ. ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ ಅಡ್ಡಡ್ಡ ಬಿಡಿ. ಉಬ್ಬು ಗೆರೆ ಇದ್ದರೆ ಪುಟ್ಟ ನೆರಳು ಬೀಳುತ್ತದೆ. ಅಷ್ಟಕ್ಕೇ ನಂಬಬೇಡಿ, ಪ್ರಿಂಟಿಗೂ ಉಬ್ಬು ಕೊಡಬಹುದು. ದೇವಿಯ ಕೆನ್ನೆ, ಸೀರೆಯ ಮಡಿಕೆಯನ್ನು ಭೂತಗನ್ನಡಿಯಲ್ಲಿ ನೋಡಿ. ಚುಕ್ಕಿ ಚುಕ್ಕಿ ಕಂಡರೆ ಪ್ರಿಂಟ್, ಕುಂಚದ ಎಳೆ ಕಂಡರೆ ಕೈಯದು.

ದುಡ್ಡು ಸಾಲದಿದ್ದರೆ ಸಣ್ಣ ಅಳತೆಯದನ್ನೇ ಬರೆಸಿ. ಅವಸರ ಇಲ್ಲ ಅಂದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿ ಬನ್ನಿ. ಸಾಮಾನ್ಯವಾಗಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಅಲ್ಲಿ ಬರೆದವರೇ ಕೂತಿರುತ್ತಾರೆ. ರೇಕು ಅಪ್ಪಟ ಚಿನ್ನದ್ದು ಅಂದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಿತ್ತಾಳೆಯ ರೇಕು ಬರಬರುತ್ತಾ ಕಪ್ಪಾಗುತ್ತದೆ.