ಓದು ಬಿಟ್ಟ ಹಳ್ಳಿ ಹುಡುಗರಿಗೆ ಊಟ-ವಸತಿ ಇರುವ ಉಚಿತ ತರಬೇತಿಯಿಂದ ನಿಜಕ್ಕೂ ಉಪಯೋಗ ಇದೆಯಾ?

ಖಂಡಿತ ಇದೆ. ಆದರೆ ವಸತಿ, ತರಬೇತಿ ಎರಡೂ ಒಟ್ಟಿಗೆ ಸಿಗಬೇಕು. ಮೊಳಕಾಲ್ಮೂರು ಕಡೆಯ ಹುಡುಗನೊಬ್ಬ ಚಿತ್ರದುರ್ಗಕ್ಕೆ ಬಂದು ಮೋಟಾರ್ ರಿವೈಂಡಿಂಗ್ ಕಲಿಯಬೇಕು ಅಂದ್ಕೊಳ್ಳಿ. ಫೀಸ್ ಇಲ್ಲದಿದ್ದರೂ ರೂಮ್ ಬಾಡಿಗೆ, ಊಟದ ಖರ್ಚಿಗೆ ಏನು ಮಾಡ್ತಾನೆ? ಎಷ್ಟೋ ಜನ ಅಲ್ಲೇ ಕೈಬಿಡ್ತಾರೆ.

ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕ್‌ಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆ ಚಿತ್ರದುರ್ಗದಲ್ಲೂ ಇದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ರಿವೈಂಡಿಂಗ್ ಅಂದ್ರೆ ಪಂಪ್‌ಸೆಟ್ ಮೋಟಾರ್ ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸದು ಸುತ್ತೋದು. ಸುಮ್ನೆ ಕೇಳಿದರೆ ಬರಲ್ಲ, ದಿನವಿಡೀ ಕೈಯಾರೆ ಮಾಡಬೇಕು. ಅಲ್ಲೇ ಉಳಿದರೆ ಅದು ಸಾಧ್ಯ.

ನನಗೆ ಜಾಸ್ತಿ ಮುಖ್ಯ ಅನ್ನಿಸೋದು ಆಮೇಲಿನದು: ತರಬೇತಿ ಮುಗಿದ ಮೇಲೂ ಸಂಪರ್ಕದಲ್ಲಿದ್ದು, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ, ಯಾವ ಬ್ಯಾಚ್ ಯಾವಾಗ ಅಂತ ಕೇಳಿಕೊಳ್ಳಿ.