ಮೊದಲು ಚೆಂಡು ಬದಲಿಸಿ, ರಾಕೆಟ್ ಆಮೇಲೆ

ಸರ್, ಏಳು ವರ್ಷದ ಮಗಳಿಗೆ 27 ಇಂಚಿನ ಟೆನಿಸ್ ರಾಕೆಟ್ ಕೊಡಿಸಿ, ಕ್ಲಬ್ಬಿನವರು ಬಿಸಾಡಿದ ಹಳದಿ ಚೆಂಡಿನಲ್ಲಿ ಆಡಿಸುತ್ತಿದ್ದೀರಿ, ಮೂರು ತಿಂಗಳಾದರೂ ಚೆಂಡು ನಿಲ್ಲದೆ ಅತ್ತಿತ್ತ ಹೋಗಿಬರುವ ನಾಲ್ಕು ಹೊಡೆತದ ರ‍್ಯಾಲಿ ಬಂದಿಲ್ಲ ಎಂದು ಬರೆದಿದ್ದೀರಿ. ಓದಿ ಕರುಳು ಚುರುಕ್ಕೆಂದಿತು. ನನ್ನ ಮಗನಿಗೆ ನಾನು ಮಾಡಿದ್ದೂ ಇದನ್ನೇ. ಬೆಳೆಯುವ ಹುಡುಗ, ಮುಂದಕ್ಕೂ ಆಗುತ್ತದೆ ಎಂದು ದೊಡ್ಡವರ ರಾಕೆಟ್ ತಂದೆ. ಭಾರ ತಡೆಯದೆ ಅವನು ಹಿಡಿಯನ್ನು ಬಿಟ್ಟು ರಾಕೆಟ್ಟಿನ ಕತ್ತಿನ ಹತ್ತಿರ ಹಿಡಿಯುತ್ತಿದ್ದ. ಚೆಂಡು ತಲೆಯ ಮೇಲಕ್ಕೆ ಪುಟಿದು ಬರುತ್ತಿತ್ತು. ಅದನ್ನು ಮುಟ್ಟಲು ಅಂಗೈಯನ್ನು ಪೂರ್ತಿ ಹಿಡಿಯ ಅಡಿಗೆ ತಿರುಗಿಸುವುದನ್ನು ತಾನಾಗಿಯೇ ಕಲಿತ. ಆ ಹಿಡಿತ ಬಿಡಿಸಲು ಒಂದು ವರ್ಷ ಹಿಡಿಯಿತು.

ಅರ್ಧ ಕೆಂಪು, ಅರ್ಧ ಹಳದಿ ಇರುತ್ತದಲ್ಲ, ಪುಟ್ಟ ಮಕ್ಕಳ ಕಲಿಕೆಗೆಂದೇ ಮಾಡಿದ ಆ ಕೆಂಪು ಹಂತದ ಚೆಂಡು ತನ್ನಿ. ವೇಗ ಸುಮಾರು ಶೇ 75ರಷ್ಟು ಕಡಿಮೆ. 254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಮಾಮೂಲಿ ಚೆಂಡು 135 ಸೆಂ.ಮೀ. ದಾಟುತ್ತದೆ, ಇದು 105ಕ್ಕೇ ನಿಲ್ಲುತ್ತದೆ. ಗಾಳಿ ಹೋದ ಹಳದಿ ಚೆಂಡೂ ಕಡಿಮೆ ಪುಟಿಯುತ್ತದಲ್ಲ ಎಂದು ದಯವಿಟ್ಟು ವಾದಿಸಬೇಡಿ. ಅದರ ಭಾರ ಎಲ್ಲಿಗೂ ಹೋಗಿರುವುದಿಲ್ಲ, ಮಗುವಿನ ಮಣಿಕಟ್ಟಿಗೆ ಪೆಟ್ಟು ಬಿದ್ದೇ ಬೀಳುತ್ತದೆ. ಫೋಮ್ ಚೆಂಡು ಒಳಾಂಗಣಕ್ಕೆ ಮಾತ್ರ. ಬಯಲಿನಲ್ಲಿ ಗಾಳಿಗೆ ಹಾರಿಹೋಗುತ್ತದೆ.

ನಮಗೆ ಕೈಹಿಡಿದದ್ದು ಬಡಾವಣೆಯ ಬ್ಯಾಡ್ಮಿಂಟನ್ ಅಂಕಣ. ಉದ್ದ 13.4 ಮೀಟರ್, ಅಗಲ 6.1. ಕೆಂಪು ಹಂತಕ್ಕೆ 11 ಮೀಟರ್ ಉದ್ದವೇ ಸಾಕು, ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಿ. ಎರಡು ಕುರ್ಚಿಗಳ ನಡುವೆ 80 ಸೆಂ.ಮೀ. ಎತ್ತರಕ್ಕೆ ಹಗ್ಗ ಕಟ್ಟಿದೆ. ಬರಿಯ ಹಗ್ಗವಾದರೆ ಚೆಂಡು ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂದು ಪ್ರತಿ ಸಲ ಜಗಳ. ಹಳೆಯ ಸೀರೆಯೊಂದನ್ನು ಮಡಚಿ ಇಳಿಬಿಟ್ಟ ಮೇಲೆ ಜಗಳ ನಿಂತಿತು. ಕುರ್ಚಿಯ ಮೇಲೆ ಇಟ್ಟಿಗೆ ಇಡಿ, ಇಲ್ಲದಿದ್ದರೆ ಹಗ್ಗ ಜೋತುಬೀಳುತ್ತದೆ. ಎರಡನೇ ವಾರಕ್ಕೆ ಹನ್ನೊಂದು ಹೊಡೆತದ ರ‍್ಯಾಲಿ ಬಂತು. ಅವನು ಗಟ್ಟಿಯಾಗಿ ಎಣಿಸುತ್ತಲೇ ಆಡಿದ.

ರಾಕೆಟ್ ಬಹುಶಃ 23 ಇಂಚಿನದು ಬೇಕು. ಮಗು ನೇರ ನಿಂತು ಕೈ ಇಳಿಬಿಟ್ಟಾಗ ತುದಿ ನೆಲಕ್ಕೆ ತಾಗಿಯೂ ತಾಗದಂತಿರಬೇಕು, ಕುಳ್ಳಗಿದ್ದರೆ 21. ಹೆಡ್, ವಿಲ್ಸನ್, ಬಾಬೊಲಾಟ್ ಯಾವ ಕಂಪನಿಯದಾದರೂ ಸರಿ, ಅಲ್ಯೂಮಿನಿಯಂ ಧಾರಾಳ ಸಾಕು. ಈ ವಯಸ್ಸಿಗೆ ಗ್ರಾಫೈಟ್ ದುಡ್ಡು ದಂಡ. ಇರುವ ರಾಕೆಟ್ಟಿನ ಹಿಡಿಯನ್ನೇ ಕೊಯ್ಯುವ ಯೋಚನೆ ಬಿಡಿ, ತೂಕವೆಲ್ಲ ತಲೆಯ ಕಡೆಗೆ ಸೇರಿಬಿಡುತ್ತದೆ.

ಹಳದಿ ಚೆಂಡೇ ನಿಜವಾದ ಟೆನಿಸ್ ಎನ್ನುವ ತರಬೇತುದಾರರಿಗೆ ಹೇಳಿ: ಹತ್ತು ವರ್ಷದೊಳಗಿನವರ ಟೂರ್ನಿಗಳಲ್ಲಿ ಅದನ್ನು ಬಳಸಬಾರದೆಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದಲೇ ನಿಯಮ ಮಾಡಿದೆ.

ಸರ್ವ್ ಸದ್ಯಕ್ಕೆ ಕೆಳಗೈಯಿಂದಲೇ ಇರಲಿ. ನೀವೂ ಜೊತೆಗೆ ಕಲಿಯುತ್ತಿದ್ದೀರಿ ಎಂದಿದ್ದೀರಿ, ನಿಮಗೆ ಮಾಮೂಲಿಗಿಂತ ತುಸು ನಿಧಾನದ, ಹಸಿರು ಚುಕ್ಕೆಯ ಚೆಂಡು ಒಳ್ಳೆಯದು. ಪಾಲಿಯೆಸ್ಟರ್ ತಂತಿ ಮಾತ್ರ ಹಾಕಿಸಬೇಡಿ, ಮೊಣಕೈ ಹಿಡಿದುಕೊಳ್ಳುತ್ತದೆ. ಮಗಳ ಎತ್ತರ ಎಷ್ಟೆಂದು ಇಲ್ಲಿ ಬರೆಯಿರಿ. ನನ್ನ ಮಗನ 23 ಇಂಚಿನದು ಅಟ್ಟದ ಮೇಲೆ ಸುಮ್ಮನೆ ಬಿದ್ದಿದೆ, ಅಳತೆ ಹೊಂದಿದರೆ ಕಳಿಸುತ್ತೇನೆ.