ಫೀನಿಕ್ಸ್ ಆಯಸ್ಸು 500 ವರ್ಷವೋ, 1461 ವರ್ಷವೋ?
ನೀವು ಬರೆಯುತ್ತಿರುವ ಆಗುಂಬೆ ಕಥೆಯ ಫೀನಿಕ್ಸ್ (ಬೆಂಕಿಯಲ್ಲಿ ಸುಟ್ಟು ಬೂದಿಯಿಂದ ಮತ್ತೆ ಹುಟ್ಟುತ್ತದೆ ಎನ್ನುವ ಪುರಾಣದ ಹಕ್ಕಿ) ಒಂದು ಅಧ್ಯಾಯದಲ್ಲಿ 500, ಇನ್ನೊಂದರಲ್ಲಿ 1461 ವರ್ಷ ಬದುಕುತ್ತಿದೆ ಅಂದ್ರೆ, ಬಹುಶಃ ಎರಡು ಮೂಲಗಳು ಬೆರೆತುಹೋಗಿವೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ 500 ಅನ್ನುತ್ತಾನೆ, ರೋಮನ್ ಲೇಖಕ ಪ್ಲಿನಿ 540. 1461 ಅನ್ನುವವರೂ ಇದ್ದಾರೆ ಎಂದು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಮೊದಲು ಒಂದನ್ನು ಇಟ್ಟುಕೊಂಡು ಉಳಿದದ್ದು ಅಳಿಸಿ. ನಾನಾದರೆ 500 ಇಡುತ್ತೇನೆ.

ಆಮೇಲೆ, ಸಾವಿಲ್ಲದ ಹಕ್ಕಿಗೆ ಭಯ ಯಾಕೆ ಅನ್ನುವ ನಿಮ್ಮ ಪ್ರಶ್ನೆ. ಇದೇ ಮುಖ್ಯ. ಹೆರೊಡೊಟಸ್ ಕಥೆಯಲ್ಲಿ ಬೆಂಕಿಯೇ ಇಲ್ಲ. ಮಗ ಹಕ್ಕಿ ಗಂಧರಸದ (ಸುವಾಸನೆಯ ಮರದ ಅಂಟಿನ) ಮೊಟ್ಟೆ ಮಾಡಿ, ಹೊರಲು ಆಗುತ್ತದಾ ಎಂದು ಹಾರಿ ನೋಡುತ್ತದೆ. ಆಮೇಲೆ ಅದನ್ನು ಕೊರೆದು, ಸತ್ತ ಅಪ್ಪನನ್ನು ಒಳಗಿಟ್ಟು ಮುಚ್ಚಿ, ಅರೇಬಿಯಾದಿಂದ ಈಜಿಪ್ಟಿನ ಸೂರ್ಯ ದೇಗುಲಕ್ಕೆ ಒಯ್ಯುತ್ತದೆ. ಅಂದರೆ ಹಳೇ ಹಕ್ಕಿ ನಿಜಕ್ಕೂ ಸತ್ತಿದೆ, ಅಲ್ವಾ? ಹಾಗಾಗಿ ಹೊಸ ಹಕ್ಕಿಗೆ ಹಳೇ ನೆನಪು ಇರುತ್ತದಾ ಎಂದು ತೀರ್ಮಾನಿಸಿ. ಇಲ್ಲ ಅಂದರೆ ಭಯ ತಾನಾಗಿ ಬರುತ್ತದೆ. ಕಥೆ ಪೂರ್ತಿ ಓದದೆ ಯಾವುದು ಹೊಂದುತ್ತದೆ ಎಂದು ನಾನು ಹೇಳಲಾರೆ.

ಬೆಂಕಿ ಬೇಕೇ ಬೇಕು ಅಂದ್ರೆ, ಆಗುಂಬೆ ಮಳೆಯಲ್ಲಿ ಸುಮ್ನೆ ಹೊತ್ತಿಸಬೇಡಿ. ಆ ದೃಶ್ಯವನ್ನು ಆಷಾಢದಿಂದ ಫಾಲ್ಗುಣಕ್ಕೆ ಸರಿಸಿ. ಗೂಡಿಗೆ ದಾಲ್ಚಿನ್ನಿ ಕಡ್ಡಿ, ಧೂಪದ ಮರದ ಅಂಟು ಹಾಕಿ. ಎರಡೂ ನಮ್ಮ ಘಟ್ಟದ ಕಾಡಿನವೇ.